ನಲವತ್ತು ದಿನದ ಲೆಕ್ಕ

ಇಲ್ಲೆ ಬರದು ಭಾಳ ದಿವಸ ಆತು. ಹೋದ ಸಲ ಮಾವಿನಕಾಯಿ ಗುಳಂಬ ಮಾಡೋದು ಬರದಿದ್ದೆ. ಈ ಸಲ ಅಡಿಗಿ ಮಾತಲ್ಲ, ನೀರಿನ ಮಾತು. ಸ್ವಲ್ಪ ಉದ್ದ ಅದ. ಕೆಲಸಾ ಮುಗಿಸಿ ಕೂತು ಓದ್ರಿ.

ಹೋದ ತಿಂಗಳ ನಮ್ಮ ತಂಗಿ ಮಗಳ ಕುಬಸ ಇತ್ತು. ಹಸಿರು ಸೀರಿ ಉಟ್ಟು, ಹಸಿರು ಬಳಿ ತುಂಬ ಹಾಕ್ಕೊಂಡು, ಹೂವಿನ ದಂಡಿ ಕಟ್ಟಿಸಿಕೊಂಡು ಹುಡುಗಿ ಚೆಂದ ಕಾಣ್ತಿದ್ಲು. ನಾ ಹೋಗೋವಾಗ ಕೈಯಾಗ ಒಂದು ಥರ್ಮಾಸ್ ಹಿಡಕೊಂಡು ಹೋಗಿದ್ದೆ. ಅದರಾಗ ಕುದಿಸಿ ಆರಿಸಿದ ನೀರು. "ಊಟದ ಹೊತ್ತಿಗೆ ಅಕಿಗೆ ಇದನ್ನ ಕೊಡ್ರಿ, ಬ್ಯಾರೆ ನೀರು ಬ್ಯಾಡ" ಅಂದೆ. ಎಲ್ಲಾರೂ ನಕ್ಕರು. ಅಳಿಯಾ ಅಂತೂ ಒಳಗ ಹೋಗಿ ಪೆನ್ನಿನಂಥಾ ಒಂದು ಮೀಟರ್ ತಂದಾ. ಫಿಲ್ಟರ್ ಮಾರಾವ್ರು ಕೊಟ್ಟಿದ್ರಂತ. ಲೋಟದಾಗ ಅದನ್ನ ಅದ್ದಿ, "ನೋಡ್ರಿ ದೊಡ್ಡವ್ವಾ, ಟಿಡಿಎಸ್ ಬರೇ 62. ಇದಕಿಂತ ಶುದ್ಧ ನೀರು ಎಲ್ಲಿ ಸಿಗ್ತದ?" ಅಂದಾ.

ನಾನೂ ನಕ್ಕೆ. ಐದು ಮಂದಿ ಮುತ್ತೈದ್ಯಾರು ಉಡಿ ತುಂಬಲಿಕ್ಕೆ ನಿಂತಾಗ ಬ್ಯಾರೆ ಮಾತು ಯಾಕ ಅಂತ. ಆದ್ರ ಸಂಜಿಗೆ ಹುಡುಗಿ ನನ್ನ ಪಕ್ಕಕ್ಕ ಬಂದು ಕೂತು ಮೆಲ್ಲಕ ಕೇಳಿದ್ಲು, "ದೊಡ್ಡವ್ವಾ, ಮನ್ಯಾಗ ಯಾರು ಬಸುರಾದ್ರೂ ನೀ ನೀರಿನ ಕಾಟಾ ಶುರು ಮಾಡ್ತಿ. ಯಾಕ?" ಬಸುರಿ ಹುಡುಗಿ ಮುಂದ ಕೂತು ಹೇಳೋ ಮಾತಲ್ಲ ಅದು. "ಆಮ್ಯಾಲೆ ಹೇಳ್ತೇನಿ" ಅಂದೆ. ಅಕಿ ಹಡದು ಕೈಗೂಸು ಎತ್ತಿಕೊಂಡ ಮ್ಯಾಲೆ ಓದಲಿ ಇದನ್ನ. ಉಳದಾವ್ರು ಈಗ ಓದ್ರಿ.

ನಮ್ಮ ಮನ್ಯಾಗ ಒಬ್ಬಾಕಿ ವೈನಿ ಇದ್ಲು, ನಮ್ಮ ಅಣ್ಣನ ಮೊದಲನೇ ಹೆಂಡತಿ. ನಿಮ್ಮೊಳಗ ಸಣ್ಣವರು ಅಕಿನ್ನ ನೋಡಿಲ್ಲ. ದೊಡ್ಡವರು ನೋಡೀರಿ, ಆದ್ರ ಅಕಿ ಮಾತು ಯಾರೂ ಎತ್ತೋದಿಲ್ಲ. 1984ರಾಗ ಅಕಿ ಬಸುರಾದ್ಲು, ನನಗ ಆಗ ಹತ್ತೊಂಬತ್ತು. ಆ ವರ್ಷ ಪಂಚಮಿ ಹಬ್ಬಕ್ಕ ಅಕಿನ್ನ ತವರಿಗೆ ಕಳಿಸಲಿಲ್ಲ. "ಬಸುರಿ ಹೆಂಗಸು, ಬಸ್ಸಿನ್ಯಾಗ ಕುಲುಕಾಡೋದು ಬ್ಯಾಡ" ಅಂದ್ಲು ನಮ್ಮವ್ವ. ಪಂಚಮಿ ಆಗಿ ಮೂರ್ನಾಕು ದಿನಕ್ಕ ಓಣ್ಯಾಗ ಗಟಾರ ತೋಡಲಿಕ್ಕೆ ಬಂದ್ರು. ಎಲ್ಲೋ ನಳದ ಪೈಪಿಗೆ ಗುದ್ದಲಿ ಬಿತ್ತು. ನಾಕೈದು ದಿನ ನಳಾ ಬಿಟ್ರ ಕೆಂಪು ರಾಡಿ ನೀರು, ಸ್ವಲ್ಪ ವಾಸನಿ. ನಾವು ಧೋತ್ರದ ಅರಿವಿ ಕಟ್ಟಿ ಸೋಸಿದಿವಿ, ತುರಟಿ ಆಡಿಸಿದಿವಿ. ಮುಂಜಾನೆ ಆಗೋದರಾಗ ಹಂಡ್ಯಾಗ ನೀರು ತಿಳಿ ಆಗ್ತಿತ್ತು. ತಿಳಿ ಆತು ಅಂದ್ರ ಕುಡದಿವಿ. ಆಮ್ಯಾಲೆ ನಳದಾಗನ ತಿಳಿ ನೀರು ಬರಲಿಕ್ಕೆ ಹತ್ತಿತು. ಆ ಮಾತನ್ನ ಮರತ ಬಿಟ್ಟಿವಿ.

ಗಣಪತಿ ಹಬ್ಬ ಆದ ಮ್ಯಾಲೆ ವೈನಿ ತವರವರು ಬಂದು ಕುಬಸಕ್ಕ ಕರಕೊಂಡು ಹೋದ್ರು. ಮೂರು ದಿನ ಇದ್ದು ಬಂದ್ಲು. ಬಂದು ಎಂಟೊಂಬತ್ತು ದಿನ ಆಗಿತ್ತು, ಊಟಾ ಬ್ಯಾಡ ಅಂದ್ಲು. ವಾಂತಿ, ಜ್ವರಾ. ಏಳು ತಿಂಗಳದಾಗ ಎಂಥಾ ವಾಂತಿ ಅಂತ ಅವ್ವ ಬೈದ್ಲು. ಮೂರನೇ ದಿನಕ್ಕ ಕಣ್ಣು ಹಳದಿ. ಕಾಮಣಿ. ಗಿಡಮೂಲಿಕಿ ಔಷಧ ಆತು, ದವಾಖಾನಿ ಆತು. ಕಡೀಕ ಅಕಿಗೆ ಮಂದಿ ಗುರುತು ಸಿಗದಂಗ ಆತು. ಕೂಸು ಹೊಟ್ಯಾಗನ ಹೋತು, ಮರುದಿನ ಅಕೀನೂ ಹೋದ್ಲು.

ಓಣ್ಯಾಗ ಇನ್ನೂ ಏಳೆಂಟು ಮಂದಿಗೆ ಕಾಮಣಿ ಆಗಿತ್ತು. ಅವರೆಲ್ಲಾ ಗುಣಾದ್ರು. ಯಾರೋ ಅರ್ಜಿ ಕೊಟ್ಟ ಮ್ಯಾಲೆ ನೀರು ಪರೀಕ್ಷಾ ಮಾಡಾವ್ರು ಬಂದು ಬಾಟ್ಲಿಯೊಳಗ ನೀರು ತುಂಬಿಕೊಂಡು ಹೋದ್ರು. ವಾರದ ಮ್ಯಾಲೆ ಉತ್ತರ ಬಂತು: ನೀರು ಛಲೋ ಅದ, ಕುಡಿಯಲಿಕ್ಕೆ ಅಡ್ಡಿ ಇಲ್ಲ.

ನೀರಿಂದಲ್ಲ ಅಂದ ಮ್ಯಾಲೆ ಯಾರಿಂದ? ನಮ್ಮವ್ವ ತೀರ್ಪು ಕೊಟ್ಟ ಬಿಟ್ಲು. "ಕುಬಸದಾಗ ಏನೋ ತಂಗಳಾ ತಿನಿಸಿ ಕಳಿಸ್ಯಾರ. ಬೀಗತಿ ಕೈ ಹೊಲಸು." ಆ ಮಾತು ಹದಿಮೂರನೇ ದಿನ, ಬೀಗತಿ ಎದುರಿಗೇ ಆಡಿದ್ಲು. ಆ ತಾಯಿ ಒಂದು ಮಾತೂ ಆಡಲಿಲ್ಲ. ಸೆರಗು ಬಾಯಿಗೆ ಇಟ್ಟಕೊಂಡು ಎದ್ದು ಹೋದ್ರು. ಅವತ್ತಿಂದ ಎರಡೂ ಮನಿಗೆ ಮಾತಿಲ್ಲ.

ನಾ ಮುಂದ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಸಾಲ್ಯಾಗ ವಿಜ್ಞಾನ ಕಲಿಸಲಿಕ್ಕೆ ಹೋದೆ. ನೀರಿನ ಪಾಠ ಬಂದಾಗೊಮ್ಮೆ ವೈನಿ ನೆನಪಾಗ್ತಿದ್ಲು. ಪರೀಕ್ಷಾದಾಗ ಪಾಸಾದ ನೀರು ಹೆಂಗ ಜೀವಾ ತೊಗೋತದ? ಅಥವಾ ಅವ್ವ ಅಂದದ್ದ ಖರೇನ? ಈ ಪ್ರಶ್ನಿಗೆ ಉತ್ತರ ಸಿಗಲಿಕ್ಕೆ ನನಗ ಇಪ್ಪತ್ತು ವರ್ಷ ಹಿಡೀತು.

ಮೊದಲ ಒಂದು ಮಾತು. ಛಲೋ ನೀರು ಅಂದ್ರ ಯಾವುದು ಅಂತ ಮನಷಾ ಹೆಂಗ ಗುರುತು ಹಿಡೀತಿದ್ದಾ? ನಮ್ಮ ಅಜ್ಜಿಗೆ ಮೂರು ಪರೀಕ್ಷಾ ಗೊತ್ತಿದ್ದೂ: ಕಣ್ಣಿಗೆ ತಿಳಿ ಇರಬೇಕು, ಮೂಗಿಗೆ ವಾಸನಿ ಬರಬಾರದು, ಬ್ಯಾಳಿ ಲಗೂ ಕುದೀಬೇಕು. ಬ್ಯಾಳಿ ಕುದೀಲಿಲ್ಲ ಅಂದ್ರ ನೀರು ಗಡಸು. ಇವು ಸುಳ್ಳಲ್ಲ. ರಾಡಿ, ಕೊಳತದ್ದು, ಉಪ್ಪು, ಇವು ಮೂರನ್ನೂ ಹಿಡೀತಾವ. ಆದ್ರ ಜೀವಾ ತೊಗೊಳ್ಳೋದು ನಾಕನೇದ್ದು. ಅದು ಕಣ್ಣಿಗೂ ಕಾಣೂದಿಲ್ಲ, ನಾಲಿಗಿಗೂ ಹತ್ತೂದಿಲ್ಲ.

ಇದು ಜಗತ್ತಿಗೆ ಗೊತ್ತಾಗಿದ್ದು ಲಂಡನ್ ಊರಾಗ, 1854ರಾಗ. ಅಲ್ಲೆ ಬ್ರಾಡ್ ಸ್ಟ್ರೀಟ್ ಅನ್ನೋ ಓಣ್ಯಾಗ ಒಂದು ಕೈಪಂಪಿನ ಬಾವಿ ಇತ್ತು. ಅದರ ನೀರು ತಣ್ಣಗ, ರುಚಿ. ಮಂದಿ ದೂರದಿಂದ ಬಂದು ಒಯ್ತಿದ್ರು. ಆ ವರ್ಷ ಆಗಸ್ಟ್ ಕಡೀಕ ಆ ಓಣ್ಯಾಗ ಕಾಲರಾ ಬಿತ್ತು. ಹತ್ತು ದಿನದಾಗ ಐದುನೂರಕ್ಕಿಂತ ಹೆಚ್ಚು ಮಂದಿ ಹೋದ್ರು. ಡಾಕ್ಟರ್ ಜಾನ್ ಸ್ನೋ ಅನ್ನಾವ್ರು ಮನಿ ಮನಿ ತಿರುಗಿ, ಸತ್ತವರು ಯಾವ ನೀರು ಕುಡೀತಿದ್ರು ಅಂತ ಕೇಳಿ ಬರಕೊಂಡ್ರು. ಅವರಿಗೆ ಸಿಕ್ಕ ದೊಡ್ಡ ಸಾಕ್ಷಿ ಆ ಓಣ್ಯಾಗ ಇರಲೇ ಇಲ್ಲ. ದೂರದ ಹ್ಯಾಂಪ್‌ಸ್ಟೆಡ್ ಅನ್ನೋ ಕಡೆ ಒಬ್ಬ ವಿಧವಾ ಹೆಣ್ಣಮಗಳು ಇದ್ಲು. ಮೊದಲ ಬ್ರಾಡ್ ಸ್ಟ್ರೀಟಿನ್ಯಾಗ ಇದ್ದಾಕಿ. ಆ ನೀರಿನ ರುಚಿ ಬಿಡಲಾರದ ದಿನಾ ಗಾಡಿ ಮ್ಯಾಲೆ ಒಂದು ಬಾಟ್ಲಿ ತರಿಸ್ಕೋತಿದ್ಲು. ಅಕೀ ಸುತ್ತ ಮುತ್ತ ಎಲ್ಲೂ ಕಾಲರಾ ಇಲ್ಲ. ಆದ್ರ ಅಕಿ ಹೋದ್ಲು, ಅಕಿ ಮನಿಗೆ ಬಂದು ಅದ ನೀರು ಕುಡದ ಸೊಸಿಮಗಳೂ (ಅಂದ್ರ ಅಣ್ಣನೋ ತಮ್ಮನೋ ಮಗಳು) ತನ್ನ ಊರಿಗೆ ಹೋಗಿ ಹೋದ್ಲು. ಸೆಪ್ಟೆಂಬರ್ 8ಕ್ಕ ಪಂಪಿನ ಹಿಡಿಕಿ ತಗಸಿದ್ರು.

ಆ ನೀರಿಗೆ ಹೊಲಸು ಹೆಂಗ ಬಂತು? ಅದನ್ನ ಹುಡುಕಿದವರು ಹೆನ್ರಿ ವೈಟ್‌ಹೆಡ್ ಅನ್ನೋ ಒಬ್ಬ ಪಾದ್ರಿ. ಬಾವಿ ಮಗ್ಗಲದ 40ನೇ ನಂಬರ್ ಮನ್ಯಾಗ ಒಂದು ಕೈಗೂಸಿಗೆ ಭೇದಿ ಆಗಿತ್ತು. ತಾಯಿ ಪಾಪ, ಕೂಸಿನ ಅರಿವಿ ತೊಳದ ನೀರನ್ನ ಮನಿ ಮುಂದಿನ ಹೊಲಸು ಗುಂಡಿಗೆ ಚೆಲ್ಲತಿದ್ಲು. ಆ ಗುಂಡಿಗೂ ಬಾವಿಗೂ ನಡುವ ಮೂರು ಫೂಟೂ ಇರಲಿಲ್ಲ. ಗುಂಡಿ ಇಟ್ಟಂಗಿ ಸಡಲಾಗಿ ಒಳಗಿಂದ ಒಸರತಿತ್ತು. ಆ ತಾಯಿ ಮಾಡಿದ್ದು ನಾವೆಲ್ಲಾ ಮಾಡೋ ಕೆಲಸನ. ತಪ್ಪು ಅಕೀದಲ್ಲ, ಕುಡಿಯೋ ನೀರಿನ ಮಗ್ಗಲಕ ಹೊಲಸು ಗುಂಡಿ ಇಟ್ಟವರದು.

ಮುಂದ 1884ರಾಗ ರಾಬರ್ಟ್ ಕಾಕ್ ಅನ್ನೋ ಜರ್ಮನಿ ಡಾಕ್ಟರ್ ನಮ್ಮ ಕಲಕತ್ತಾಕ್ಕ ಬಂದು, ಮಂದಿ ಕುಡಿಯೋ ಕೆರಿ ನೀರಿನ್ಯಾಗ ಕಾಲರಾ ಜಂತು ತೋರಿಸಿಕೊಟ್ರು. ಸರಿ, ಜಂತು ಸಿಕ್ತು. ಆದ್ರ ದಿನಾ ಊರಿನ ನೀರು ಪರೀಕ್ಷಾ ಮಾಡಾವ್ರು ಏನು ಹುಡುಕಬೇಕು? ಕಾಲರಾದ್ದೊಂದು, ವಿಷಮಜ್ವರದ್ದೊಂದು, ಆಮಶಂಕಿದ್ದೊಂದು. ಒಂದೊಂದನ್ನೂ ಹುಡುಕ್ತಾ ಕೂತ್ರ ಉತ್ತರ ಬರೋದರಾಗ ಊರ ಖಾಲಿ ಆಗ್ತದ.

ಇಲ್ಲೆ ಒಂದು ಶಾಣ್ಯಾತನದ ವಿಚಾರ ಬಂತು. ನಮ್ಮ ಅಡಿಗಿ ಮನಿ ಕಟ್ಟಿ ಮ್ಯಾಲೆ ಮುಂಜಾನೆ ಇಲಿ ಹಿಕ್ಕಿ ಕಂಡ್ರ ನಾವೇನು ಇಲಿ ಕಾಣೋ ತನಕಾ ಕಾಯ್ತೀವೇನು? ಹಿಕ್ಕಿ ಕಂಡ್ರ ಇಲಿ ಬಂದು ಹೋಗ್ಯದ, ಆ ಹಿಟ್ಟು ಬ್ಯಾಡ. ನೀರಿಗೂ ಅದ ಲೆಕ್ಕ. 1885ರಾಗ ಥಿಯೊಡೋರ್ ಎಶರಿಕ್ ಅನ್ನೋ ಮಕ್ಕಳ ಡಾಕ್ಟರ್ ಕೂಸುಗಳ ಮಲದಾಗ ಒಂದು ಜಂತು ನೋಡಿದ್ರು. ಅದು ಎಲ್ಲಾರ ಕರುಳಾಗೂ ಇರ್ತದ. ಬಹಳಷ್ಟು ನಮೂನಿ ನಿರುಪದ್ರವಿ. ಅವರ ಹೆಸರಿನ ಮ್ಯಾಲೆ ಅದಕ್ಕ ಈಗ ಈ-ಕೋಲಿ ಅಂತೀವಿ. ಅದು ನೀರಿನ್ಯಾಗ ಸಿಕ್ತು ಅಂದ್ರ ಆ ನೀರಿಗೆ ಯಾರದೋ ಮಲ ಕೂಡೇದ ಅಂತ ಅರ್ಥ. ಮಲದ ಜೋಡಿ ಏನೇನು ಬಂದದೋ ದೇವರಿಗೇ ಗೊತ್ತು. ಹಿಂಗ ಒಂದನ್ನ ನೋಡಿ ಇನ್ನೊಂದನ್ನ ತಿಳಕೊಳ್ಳೋದಕ್ಕ "ಸೂಚಕ" ಅಂತಾರ. ನಮ್ಮ ದೇಶದ ಕುಡಿಯೋ ನೀರಿನ ಮಾನಕ ಐಎಸ್ 10500 ಸುದ್ದ ಇದನ್ನ ಹೇಳ್ತದ: 100 ಮಿಲಿ ನೀರಿನ್ಯಾಗ ಒಂದ ಒಂದು ಈ-ಕೋಲಿ ಸುದ್ದ ಸಿಗಬಾರದು.

ಈ ಸೂಚಕದಿಂದ ಲಕ್ಷಗಟ್ಟಲೆ ಜೀವ ಉಳದಾವ, ಅದರಾಗ ಅನುಮಾನಿಲ್ಲ. ಆದ್ರ ಹಿಕ್ಕಿ ಬಳದು ಹಾಕಿದ್ರ ಇಲಿ ಹೋತು ಅಂತೇನೂ ಅಲ್ಲಲಾ? ಈ ಮಾತು ದಿಲ್ಲಿ ಊರಿಗೆ 1955ರಾಗ ಗೊತ್ತಾತು.

ದಿಲ್ಲಿಗೆ ಕುಡಿಯೋ ನೀರು ಯಮುನಾ ಹೊಳಿದು. ಊರಿನ ಉತ್ತರಕ್ಕ ವಜೀರಾಬಾದ ಅಂತ ಜಾಗಾ, ಅಲ್ಲೆ ಪಂಪ್ ಹಚ್ಚಿ ನೀರು ಎಳೀತಾರ. ಅಲ್ಲಿಂದ ಸ್ವಲ್ಪ ಕೆಳಗ ನಜಫಗಡ ನಾಲಾ ಬಂದು ಹೊಳಿ ಕೂಡ್ತದ. ಈ ನಾಲಾ ಒಂದಾನೊಂದು ಕಾಲಕ್ಕ ಸಾಹಿಬಿ ಅನ್ನೋ ನದಿ ಹರಿಯೋ ದಾರಿ. ಊರು ಬೆಳಕೋತ ಬೆಳಕೋತ ಅದು ಹೊಲಸು ಹೊರೋ ಗಟಾರ ಆತು. ಪಂಪು ಮ್ಯಾಲೆ, ನಾಲಾ ಕೆಳಗ, ಹೊಳಿ ಹರಿಯೋದು ಮ್ಯಾಲಿಂದ ಕೆಳಗ. ಹಿಂಗಾಗಿ ಹೆದರಿಕಿ ಇಲ್ಲ ಅಂತ ಎಲ್ಲಾರ ಲೆಕ್ಕ.

1955ರ ಮಳಿಗಾಲದ ಕಡೀಕ ಯಮುನೆಗೆ ದೊಡ್ಡ ಮಹಾಪೂರ ಬಂತು. ಪೂರ ಇಳದ ಮ್ಯಾಲೆ ನೋಡಿದ್ರ ಹೊಳಿ ತನ್ನ ದಾರಿ ಬಿಟ್ಟು ಆಚೆ ದಂಡಿಗೆ ಸರದಿತ್ತು. ಪಂಪಿನ ಕಡೆ ಹರಿವು ಕಡಿಮಿ ಆತು. ಹೊಳಿ ಜೋರು ಇಲ್ಲದಾಗ ನಾಲಾದ ನೀರು ಕೆಳಗ ಹೋಗೋದು ಬಿಟ್ಟು ಹಿಂದಕ್ಕ, ಪಂಪಿನ ಬಾಯಿ ಕಡೆ ತಿರುಗಿತು. ನವೆಂಬರ್ ತಿಂಗಳ ನಡುವ ಸುಮಾರು ಒಂದು ವಾರ ಊರಿನ ಹೊಲಸು ನೀರು ಊರಿನ ಕುಡಿಯೋ ನೀರಿಗೆ ಕೂಡ್ತು.

ಪಂಪಿನ ಮನಿಯವರು ಸುಮ್ಮನ ಕೂಡಲಿಲ್ಲ. ಅವರಿಗೆ ಗೊತ್ತಾಗಿತ್ತು. ತುರಟಿ ಹೆಚ್ಚಿಗಿ ಹಾಕಿದ್ರು, ಕ್ಲೋರಿನ್ ಹೆಚ್ಚು ಮಾಡಿದ್ರು. ಅದರಿಂದ ದೊಡ್ಡ ಉಪಕಾರ ಆತು. ದಿಲ್ಲಿಯೊಳಗ ಆ ಸಲ ಕಾಲರಾ ಬೀಳಲಿಲ್ಲ, ವಿಷಮಜ್ವರ ಏರಲಿಲ್ಲ. ಗಂಡಾಂತರ ದಾಟಿತು ಅಂತ ಎಲ್ಲಾರೂ ಅಂದುಕೊಂಡಿರಬೇಕು.

ಡಿಸೆಂಬರ್ ತಿಂಗಳು ಶುರು ಆತು. ಒಬ್ಬರ ಹಿಂದ ಒಬ್ಬರು ಕಣ್ಣು ಹಳದಿ ಮಾಡಿಕೊಂಡು ದವಾಖಾನಿಗೆ ಬರಲಿಕ್ಕೆ ಹತ್ತಿದ್ರು. 1955ರ ಡಿಸೆಂಬರ್ 1ರಿಂದ 1956ರ ಜನೆವರಿ 20ರ ತನಕಾ ಕಾಮಣಿ ಬಂದವರು 29,300 ಮಂದಿ. ಕಣ್ಣು ಹಳದಿ ಆಗದನ ಅದ ಬ್ಯಾನಿ ಬಿದ್ದವರನ್ನೂ ಹಿಡದ್ರ 97,600 ಆಗಬಹುದು ಅಂತ ಡಾಕ್ಟರ್ ಆರ್. ವಿಶ್ವನಾಥನ್ 1957ರಾಗ ಲೆಕ್ಕ ಹಾಕಿ ಬರದಾರ. ಬಿದ್ದವರೊಳಗ ಮಕ್ಕಳು ಮುದುಕರಿಗಿಂತ ಹರೇದ ಮಂದಿ ಹೆಚ್ಚು. ಬಹಳಷ್ಟು ಮಂದಿ ಗುಣಾದ್ರು. ಆದ್ರ ಬಸುರ್ಯಾರು ಬಾಕಿ ಮಂದಿಗಿಂತ ಭಾಳ ಹೆಚ್ಚು ಸತ್ರು.

ಈ ಸಾಲು ಓದಿದಾಗ ನಾ ಪುಸ್ತಕ ಮುಚ್ಚಿ ಇಟ್ಟೆ. 2004ನೇ ಇಸವಿ ಇರಬೇಕು. ಸಾಲಿ ಗ್ರಂಥಾಲಯದಾಗ ಒಂದು ಆರೋಗ್ಯದ ಪುಸ್ತಕ, ನಾಳಿನ ಪಾಠಕ್ಕ ತಯಾರಿ ಮಾಡಲಿಕ್ಕೆ ತಗದಿದ್ದೆ.

ಕ್ಲೋರಿನ್ ಹಾಕಿದ್ರೂ ಯಾಕ ಹಿಂಗಾತು? ಕ್ಲೋರಿನ್ನಿಗೆ ಹೊಲಸು ಕಂಡ್ರ ಮೊದಲ ಅದರ ಜೋಡಿ ಜಗಳಾ. ಗಟಾರ ನೀರು ಹೆಚ್ಚು ಕೂಡಿದ್ರ ಅದರ ಜೋಡಿ ಹೊಡದಾಡೋದರಾಗ ಕ್ಲೋರಿನ್ನಿನ ಶಕ್ತಿ ಮುಗೀತದ. ಉಳದದ್ದರಾಗ ಈ-ಕೋಲಿ, ಕಾಲರಾ ಇಂಥಾ ಜಂತು ಲಗೂ ಸಾಯ್ತಾವ. ವೈರಸ್ ಅವಕ್ಕಿಂತ ಗಟ್ಟಿ. ಅದರಾಗೂ ಹೊಲಸಿನ ಕಣದೊಳಗ ಅಡಗಿ ಕೂತ್ರ ಅದಕ್ಕ ಕ್ಲೋರಿನ್ ಮುಟ್ಟೋದ ಇಲ್ಲ. ಹಿಕ್ಕಿ ಬಳದು ಹೋಗಿತ್ತು, ಇಲಿ ಅಟ್ಟದ ಮ್ಯಾಲೆ ಕೂತಿತ್ತು.

ಆ ವೈರಸ್ ಯಾವುದು ಅಂತ ಗೊತ್ತಾಗಲಿಕ್ಕೆ ಇನ್ನೂ ಭಾಳ ವರ್ಷ ಹಿಡೀತು. ನೀರಿಂದ ಬರೋ ಕಾಮಣಿ ಅಂದ್ರ ಅದು ಹೆಪಟೈಟಿಸ್ 'ಎ' ಅಂತನ ಎಲ್ಲಾರ ನಂಬಿಕಿ ಇತ್ತು. 1980ರಾಗ ದಿಲ್ಲಿ ರೋಗಿಗಳ ಕಾದಿಟ್ಟ ರಕ್ತದ ಸೀರಮ್ಮನ್ನ ತಗದು ಪರೀಕ್ಷಾ ಮಾಡಿದ್ರು. ಅಮೇರಿಕಾದವರ ಜೋಡಿ ನಮ್ಮ ಪುಣೆ ವೈರಾಣು ಸಂಸ್ಥೆಯವರೂ ಇದ್ರು. ಆ ಸಂಸ್ಥೆಗೆ ಆಗ ಖೋರ್ಶೇದ್ ಪಾವ್ರಿ ಅನ್ನೋ ಹೆಣ್ಣಮಗಳು ಮುಖ್ಯಸ್ಥೆ. 'ಎ' ಅಲ್ಲ ಅಂತ ಉತ್ತರ ಬಂತು. ಅದ ವರ್ಷ ಕಾಶ್ಮೀರದ ಡಾಕ್ಟರ್ ಖುರೂ ಅವರೂ, 1978ರ ಚಳಿಗಾಲಕ್ಕ ಸೋಪೋರ್ ಕಡೆ ಬಿದ್ದ ಕಾಮಣಿ ನೋಡಿ, ಇದು ಹೊಸಾ ವೈರಸ್ ಇರಬೇಕು ಅಂತ ಬರದ್ರು. ಅಲ್ಲೂ ಬಸುರ್ಯಾರ ಕಥಿ ಅದನ. 1983ರಾಗ ಮಿಖಾಯಿಲ್ ಬಲಾಯನ್ ಅನ್ನೋ ರಶಿಯಾದ ವಿಜ್ಞಾನಿ, ಕಾಮಣಿ ಬಂದ ಸೈನಿಕರ ಮಲದಿಂದ ತಗದ ಸತ್ವಾನ್ನ ತಾವ ಕುಡದ್ರು! ಮೂವತ್ತಾರನೇ ದಿನಕ್ಕ ಅವರಿಗೆ ಬ್ಯಾನಿ ಬಂತು. ಆಮ್ಯಾಲೆ ಸೂಕ್ಷ್ಮದರ್ಶಕದಾಗ ಆ ವೈರಸ್ ಕಂಡ್ರು. 1990ರ ಹೊತ್ತಿಗೆ ಅದಕ್ಕ ಹೆಪಟೈಟಿಸ್ 'ಇ' ಅನ್ನೋ ಹೆಸರು ಗಟ್ಟಿ ಆತು. ಕಡೀ ಮೂರು ತಿಂಗಳದಾಗ ಇರೋ ಬಸುರ್ಯಾರಿಗೆ ಇದು ಬಂದ್ರ, ನಾಕೈದು ಮಂದ್ಯಾಗ ಒಬ್ಬಾಕಿ ತನಕಾ ಉಳಿಯೋದಿಲ್ಲ ಅಂತಾರ.

ನಮ್ಮ ವೈನಿ ಹೋದದ್ದು 1984ರಾಗ. ಅಕಿನ್ನ ಒಯ್ದ ಬ್ಯಾನಿಗೆ ಆಗ ಹೆಸರ ಇರಲಿಲ್ಲ.

ಈಗ ನೀವೂ ಬೆರಳು ಮಡಚಿ ಲೆಕ್ಕ ಹಾಕ್ರಿ. ದಿಲ್ಲಿದು ಇಡೀ ಊರಿಗೆ ಒಂದ ವಾರದ ಹೊಲಸು ನೀರು. ಹಿಂಗಾಗಿ ನೀರು ಕುಡದು ಎಷ್ಟು ದಿನಕ್ಕ ಕಾಮಣಿ ಬರ್ತದ ಅಂತ ಅಲ್ಲೆ ಖಚಿತ ಸಿಕ್ಕಿತು. ಎರಡರಿಂದ ಹತ್ತು ವಾರ ಹಿಡೀಬಹುದು, ಹೆಚ್ಚಿನ ಮಂದಿಗೆ ಐದಾರು ವಾರ. ನಲವತ್ತು ದಿನ ಅಂತ ಇಟ್ಟುಕೊಳ್ರಿ. ವೈನಿಗೆ ವಾಂತಿ ಶುರು ಆದ ದಿನದಿಂದ ನಲವತ್ತು ದಿನ ಹಿಂದಕ್ಕ ಹೋಗ್ರಿ. ಕುಬಸ ಸಿಗೂದಿಲ್ಲ, ಅದು ಎಂಟ್ಹತ್ತು ದಿನದ ಹಿಂದಿನ ಮಾತು. ಗಣಪತಿ ಹಬ್ಬನೂ ಸಿಗೂದಿಲ್ಲ. ಸಿಗೋದು ಪಂಚಮಿ ಆದ ಮೂರ್ನಾಕು ದಿನದ ಆ ಕೆಂಪು ರಾಡಿ ನೀರು, ನಾವು ಧೋತ್ರದಾಗ ಸೋಸಿ ತಿಳಿ ಮಾಡಿ ಕುಡದದ್ದು. ಅರಿವಿ ರಾಡಿ ಹಿಡೀತದ, ವೈರಸ್ ಹಿಡಿಯೋದಿಲ್ಲ. ಪರೀಕ್ಷಾದವರು ಬಾಟ್ಲಿ ತುಂಬಿದ್ದು ಒಂದೂವರೆ ತಿಂಗಳ ಆದ ಮ್ಯಾಲೆ. ಆಗ ನೀರು ಖರೇನ ಛಲೋ ಇತ್ತು. ಅವರು ಸುಳ್ಳು ಹೇಳಲಿಲ್ಲ. ಬಂದದ್ದು ತಡಾ, ಹುಡುಕಿದ್ದೂ ಬ್ಯಾರೆ.

ವೈನಿ ರಕ್ತ ಯಾರೂ ಕಾದಿಟ್ಟಿಲ್ಲ. ಹಿಂಗಾಗಿ ಇದ ಬ್ಯಾನಿ ಅಂತ ಕಾಗದದ ಮ್ಯಾಲೆ ತೋರಿಸಲಿಕ್ಕೆ ನನಗ ಆಗೂದಿಲ್ಲ. ಆದ್ರ ಏಳನೇ ತಿಂಗಳು, ಓಣ್ಯಾಗಿನ ಆ ಏಳೆಂಟು ಮಂದಿ, ಈ ನಲವತ್ತು ದಿನ, ಇಷ್ಟು ಕೂಡಿಸಿದ್ರ ನನಗ ಬ್ಯಾರೆ ಉತ್ತರ ಕಾಣೂದಿಲ್ಲ.

ಅವತ್ತ ಸಂಜಿಗೆ ಅವ್ವಗ ಈ ಲೆಕ್ಕ ಹೇಳಿದೆ. ಆಗ ಅಕಿಗೆ ಎಪ್ಪತ್ತಾಗಿತ್ತು. ಅವರಿಕಾಯಿ ಸುಲೀಕೋತ ಕೂತಿದ್ಲು. ಕೇಳ್ಕೋತ ಕೇಳ್ಕೋತ ಕೈ ನಿಂತೂ. ಪಂಚಮಿ, ಗಣಪತಿ ಅಂತ ತಾನೂ ಒಂದ ಸಲ ಬೆರಳ ಮ್ಯಾಲೆ ಎಣಿಸಿದ್ಲು. "ಪಂಚಮಿಗೆ ತವರಿಗೆ ಹೋಗ್ತೇನಿ ಅಂದಿತ್ತು ಹುಡುಗಿ" ಅಂದು ಒಳಗ ಹೋದ್ಲು. ರಾತ್ರಿ ಊಟಕ್ಕ ಏಳಲಿಲ್ಲ. ಮರುದಿನ ಮುಂಜಾನೆ ನನ್ನ ಕೇಳಿದ್ಲು, "ಬೀಗತಿ ಊರಿಗೆ ಮೊದಲನೇ ಬಸ್ಸು ಎಷ್ಟಕ್ಕದ?" ನಾವು ಹೋದಿವಿ. ಬೀಗತಿ ಹೋಗಿ ಆಗಲೇ ಎರಡು ವರ್ಷ ಆಗಿತ್ತು. ನಮಗ ಯಾರೂ ತಿಳಿಸಿದ್ದಿಲ್ಲ. ಯಾಕ ತಿಳಿಸ್ತಾರ?

ಈ ಕಥಿ ಹಳೇದು, ಈಗೆಲ್ಲಾ ಸುಧಾರಿಸೇದ ಅಂತೀರಿ? ಸ್ವಲ್ಪ ಸುಧಾರಿಸೇದ. ವಜೀರಾಬಾದದಾಗ ಒಡ್ಡು ಕಟ್ಟಿ ನಾಲಾದ ನೀರು ಹಿಂದಕ್ಕ ಬರದಂಗ ಮಾಡ್ಯಾರ. 1974ರಾಗ ಜಲ ಮಾಲಿನ್ಯ ತಡಿಯೋ ಕಾಯ್ದೆ ಬಂತು. ಆದ್ರ ನಜಫಗಡ ನಾಲಾ ಇವತ್ತಿಗೂ ಯಮುನೆಗೆ ಹೊಲಸು ಹೊತ್ತು ಹಾಕ್ತದ. ವಜೀರಾಬಾದದಿಂದ ಓಖ್ಲಾ ತನಕಾ 22 ಕಿಲೋಮೀಟರ್, ಇಡೀ ಹೊಳಿ ಉದ್ದದಾಗ ನೂರಕ್ಕ ಎರಡು ಪಾಲೂ ಇಲ್ಲ. ಹೊಳಿ ಹೊಲಸಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಕೂಡೋದು ಅಲ್ಲೆ.

ದಿಲ್ಲಿ ತನಕಾ ಯಾಕ, ನಮ್ಮ ಹುಬ್ಬಳ್ಳಿ-ಧಾರವಾಡದ ಮಾತ ಹೇಳ್ತೇನಿ. ಇಲ್ಲೆ ಕೆಲವು ವಾರ್ಡಿನ್ಯಾಗ 24 ತಾಸು ನೀರು, ಉಳದ ಕಡೆ ನಾಕೈದು ದಿನಕ್ಕೊಮ್ಮೆ ನಳಾ ಬಿಡೋ ಕಾಲದಾಗ ಅಮೇರಿಕಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಬಂದು ಎರಡೂ ಕಡೆ ನೀರು ಪರೀಕ್ಷಾ ಮಾಡಿದ್ರು. 2013ರಾಗ ಅದು ಅಚ್ಚಾಗೇದ. 24 ತಾಸು ಬರೋ ನಳದಾಗ ಈ-ಕೋಲಿ ಸಿಕ್ಕಿದ್ದು ನೂರಕ್ಕ ಒಂದೂ ಇಲ್ಲ. ಬಿಟ್ಟು ಬಿಟ್ಟು ಬರೋ ನಳದಾಗ ಹೆಚ್ಚುಕಡಿಮಿ ಮೂರಕ್ಕೊಂದು. ಎರಡಕ್ಕೂ ನೀರು ಒಂದ, ಮತ್ತ ಯಾಕ ಹಿಂಗ? ಪೈಪಿನ್ಯಾಗ ನೀರು ತುಂಬಿ ಒತ್ತಡ ಇದ್ರ ಬಿರಕಿನಿಂದ ನೀರು ಹೊರಗ ಸೋರತದ. ಪೈಪ್ ಖಾಲಿ ಆದಾಗ ಅದ ಬಿರಕಿನಿಂದ ಮಗ್ಗಲದ ಗಟಾರ ನೀರು ಒಳಗ ಹೋಗ್ತದ. ಬ್ರಾಡ್ ಸ್ಟ್ರೀಟಿನ ಬಾವಿ, ಗುಂಡಿ ನಮ್ಮ ಓಣಿಯೊಳಗೂ ಅವ, ಪೈಪು ಮತ್ತ ಗಟಾರ ಆಗಿ.

ಅದಕ್ಕ ನಾ ಅಳಿಯಾನ ಮೀಟರಿಗೆ ನಕ್ಕದ್ದು. ಟಿಡಿಎಸ್ ಅಂದ್ರ ನೀರಿನ್ಯಾಗ ಕರಗಿದ ಉಪ್ಪು, ಸುಣ್ಣ ಇಂಥಾದ್ದರ ಲೆಕ್ಕ. ಲೀಟರಿಗೆ 500 ಮಿಲಿಗ್ರಾಮಿನ ತನಕಾ ಛಲೋ ಅಂತ ಮಾನಕದಾಗ ಅದ. ಬ್ಯಾಳಿ ಕುದೀತದೋ ಇಲ್ಲೋ ಅಂತ ಅಜ್ಜಿ ನೋಡ್ತಿದ್ಲಲಾ, ಅದರ ತಮ್ಮ ಅಂತ ತಿಳೀರಿ. ರೋಗದ ಜಂತು ಒಂದ ಹನಿಯೊಳಗ ಸಾವಿರ ಇದ್ರೂ ಆ ಮುಳ್ಳು ಅಲ್ಲಾಡೂದಿಲ್ಲ. ಮನಿ ಫಿಲ್ಟರ್ ಕೆಟ್ಟದ್ದು ಅಂತ ನಾ ಅನ್ನೂದಿಲ್ಲ. ಅದರ ಪೊರಿ ಗಟ್ಟಿ ಇದ್ರ ಜಂತು ತಡೀತದ. ಆದ್ರ ಕುಬಸದ ದಿನ ನೂರು ಮಂದಿ ಕೈ ಅದ್ದಿದ ಕೊಡಪಾನದ ನೀರಿಗೆ ಫಿಲ್ಟರಿನ ಮೀಟರ್ ಸಾಕ್ಷಿ ಹೇಳೂದಿಲ್ಲ.

ಮತ್ತ ಏನು ಮಾಡಬೇಕು? ನಾ ಮಾಡೋದು ಇಷ್ಟು. ನಳದಾಗ ರಾಡಿ ಬಂತು, ವಾಸನಿ ಬಂತು ಅಂದ್ರ ತಾರೀಖು ಕ್ಯಾಲೆಂಡರದಾಗ ಬರದಿಡ್ತೇನಿ. ಆ ದಿನನ ಫೋನ್ ಮಾಡಿ ನೀರು ಪರೀಕ್ಷಾ ಮಾಡ್ರಿ ಅಂತೇನಿ, ತಿಂಗಳಾದ ಮ್ಯಾಲಲ್ಲ. ಮನ್ಯಾಗ ಬಸುರ್ಯಾರು ಇದ್ರ ನೀರು ಕೊತ ಕೊತ ಕುದಿ ಬಂದು ಎರಡು ಮಿನಿಟಾದ್ರೂ ಕುದೀಬೇಕು. ಮುಚ್ಚಿ ಆರಿಸಿ, ಹಿಡಿಕಿ ಇರೋ ಸೌಟಿಲೆ ತಗೀಬೇಕು, ಕೈ ಅದ್ದಬಾರದು. ಗ್ವಾಲಿಯರದಾಗ ನಮ್ಮ ರಕ್ಷಣಾ ಸಂಶೋಧನಾ ಮಂದಿ 1982ರಾಗ ಒಂದು ಬಾಟ್ಲಿ ಪರೀಕ್ಷಾ ಹುಡುಕಿ ಕೊಟ್ಟಾರ. ಪುಟ್ಟ ಬಾಟ್ಲಿಯೊಳಗ ನೀರು ತುಂಬಿ ಬೆಚ್ಚಗ ಒಂದೆರಡು ದಿನ ಇಡೋದು, ಕರ್ರಗಾದ್ರ ನೀರಿಗೆ ಹೊಲಸು ಕೂಡೇದ ಅಂತ ಅರ್ಥ. ನಮ್ಮ ಹಳ್ಳಿಗಳೊಳಗ ಈಗ ಹೆಣ್ಣಮಕ್ಕಳ ಕೈಗನ ಇಂಥಾ ಕಿಟ್ ಕೊಟ್ಟು ಕಲಸ್ಯಾರ. ನಿಮ್ಮೂರಾಗ ಯಾರ ಹತ್ರ ಅದ ಕೇಳ್ರಿ. ಕರ್ರಗಾಗಲಿಲ್ಲ ಅಂದ್ರೂ ಬಸುರ್ಯಾರಿಗೆ ಕುದಿಸೋದು ಬಿಡಬ್ಯಾಡ್ರಿ. ಯಾಕ ಅಂತ ದಿಲ್ಲಿ ಕಥಿಯೊಳಗ ಓದೀರಿ.

ಕಡೀ ಮಾತು, ನಮ್ಮ ವೈನಿ ತಂಗಿಗೆ. ಎರಡು ವರ್ಷದಿಂದ ನೀ ಇಲ್ಲೆ ನನ್ನ ಬರಹ ಓದ್ತಿ, ಗುಳಂಬಕ್ಕ ಯಾಲಕ್ಕಿ ಯಾವಾಗ ಹಾಕೋದು ಅಂತ ಕೇಳಿದ್ದೂ ನೀನ ಅಂತ ನನಗ ಗೊತ್ತದ. ನಮ್ಮವ್ವ ಈಗಿಲ್ಲ. ಅಕಿ ನಿಮ್ಮ ಬಾಗಲಕ್ಕ ಬಂದು ತಿರುಗಿ ಹೋದದ್ದು ನಿನಗ ಗೊತ್ತಿರಲಿಕ್ಕಿಲ್ಲ. ಹೇಳಬೇಕಂತ ಬಂದ ಮಾತನ್ನ ಅಕಿ ಪರವಾಗಿ ನಾ ಹೇಳ್ತೇನಿ. ನಿಮ್ಮವ್ವ ಮಾಡಿದ ಕುಬಸದ ಊಟದಾಗ ಏನೂ ತಪ್ಪಿರಲಿಲ್ಲ. ತಪ್ಪು ನಮ್ಮ ನಳದ್ದು, ನಮ್ಮ ಹಂಡೇದು. ಬರೋ ಪಂಚಮಿಗೆ ನಮ್ಮ ಮನಿಗೆ ಬಾ. ಉಂಡಿ ಕಟ್ಟಿರ್ತೇನಿ.